ರ‍್ಯಾಂಪ್ ಬಾಗಿಲು ತೆಗೆಸಿದ ಅಕ್ಕನಿಗೆ

ನಾನು ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ, ಅಂದರೆ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿ ನಡೆಯುವವಳು. ಮುಂದೆ ತಾಲ್ಲೂಕು ಮಟ್ಟದ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತೆ) ಹೊಣೆ ಹೊರಬೇಕು ಅನ್ನೋ ಆಸೆಯಿಂದ ತರಬೇತಿ ಪಡೆಯುತ್ತಿದ್ದೇನೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ತಪಾಸಣೆ ಶಿಬಿರವನ್ನು ಮುಂದೆ ನಿಂತು ನಡೆಸುವ ಕೆಲಸ ಮೊನ್ನೆ ಮೊದಲ ಸಲ ನನಗೆ ಬಂತು.

ಬೆಳಿಗ್ಗೆಯೇ ಜನ ಸೇರಿದರು. ಆಸ್ಪತ್ರೆಯ ರ‍್ಯಾಂಪ್ ಬಾಗಿಲಿಗೆ ಬೀಗ. ಕೀ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಗಾಲಿಕುರ್ಚಿಯಲ್ಲಿ ಬಂದವರೆಲ್ಲ ಬಿಸಿಲಲ್ಲಿ. ಇಬ್ಬರು ಹುಡುಗರು ಒಬ್ಬ ಹಿರಿಯರನ್ನು ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿಸಲು ಹೊರಟರು. ಆ ಹಿರಿಯರ ಮುಖದಲ್ಲಿ ಭಯ ಕಾಣುತ್ತಿತ್ತು. ನನ್ನ ಸುತ್ತ ಜನ, ಅಲ್ಲಿಗೆ ಹೋಗಲು ದಾರಿಯಿಲ್ಲ.

ಆಗ ಬಂದಿರಿ ನೀವು, ಪೊರಕೆ ಹಿಡಿದುಕೊಂಡೇ. "ತಡೀರಪ್ಪ, ಅವರನ್ನ ಕೇಳಿದ್ರಾ?" ಅಂದಿರಿ. ಪೊರಕೆ ಬದಿಗಿಟ್ಟು ಅವರ ಮುಂದೆ ಕುಕ್ಕರಗಾಲಲ್ಲಿ ಕೂತಿರಿ. "ಯಜಮಾನ್ರೇ, ಐದು ನಿಮಿಷ ಕಾಯ್ತೀರಾ? ಬೀಗ ತೆಗೆಸ್ತೀನಿ." ಕೇಳಿದ್ದು ಅವರನ್ನೇ, ಪಕ್ಕದಲ್ಲಿದ್ದ ಮಗನನ್ನಲ್ಲ. ಕೀ ತಂದಿರಿ. ಬೆಂಚುಗಳನ್ನು ನೆರಳಿಗೆ ಎಳೆದಿರಿ. ಕಣ್ಣು ಕಾಣದ ಹುಡುಗಿಯ ಕೈ ಹಿಡಿದು ಎಳೆಯಲಿಲ್ಲ. ನಿಮ್ಮ ಮೊಣಕೈ ಕೊಟ್ಟಿರಿ, ಅವಳೇ ಹಿಡಿದು ನಡೆದಳು. ನನ್ನ ಕಡೆ ತಿರುಗಿ, "ಮೇಡಂ, ನೀವು ಟೋಕನ್ ನೋಡ್ಕೊಳ್ಳಿ, ಈ ಬಾಗಿಲು ನನಗಿರಲಿ" ಅಂದಿರಿ. ಎಷ್ಟು ಹಗುರಾಯಿತು ಗೊತ್ತಾ ಅಕ್ಕಾ!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಅದು ಗುರುತಿಸುವ 21 ಬಗೆಯ ಅಂಗವೈಕಲ್ಯ, ಇದನ್ನೆಲ್ಲ ತರಗತಿಯಲ್ಲಿ ಓದುತ್ತಿದ್ದೇವೆ. ಓದಲೇಬೇಕು ಕೂಡ. ಎತ್ತುವ ಮೊದಲು ಕೇಳಬೇಕು ಅನ್ನೋದನ್ನು ನಿಮಗೆ ಯಾರು ಹೇಳಿಕೊಟ್ಟರೋ!

ಸಂಜೆ ಹುಡುಕಿದೆ, ನಿಮ್ಮ ಪಾಳಿ ಮುಗಿದಿತ್ತು. ತುಂಬಾ ಥ್ಯಾಂಕ್ಸ್ ಅಕ್ಕಾ. ಆ ಹಿರಿಯರ ತಪಾಸಣೆ ಅವತ್ತೇ ಮುಗಿಯಿತು.