ಮಡಿಕೇರಿಯ ರಿಪೇರಿ ಅಣ್ಣನಿಗೆ

ಅಪ್ಪ ತೋಟದ ಮಳೆ ಲೆಕ್ಕವನ್ನೆಲ್ಲ ಹಳೇ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಅವರು ಹೋದ ಮೇಲೆ ಆನ್ ಮಾಡಿದರೆ ಹಾರ್ಡ್ ಡಿಸ್ಕ್ ತಿರುಗಲೇ ಇಲ್ಲ. ಎರಡು ಅಂಗಡಿಯಲ್ಲಿ 'ಬಿಸಾಕಿ' ಅಂದರು.

ಮಡಿಕೇರಿಯಲ್ಲಿ ನೀವು ಮಾತ್ರ ಫ್ಯಾನ್ ಆಫ್ ಮಾಡಿ, ಡಿಸ್ಕಿಗೆ ಕಿವಿಯಿಟ್ಟು ಕೇಳಿದಿರಿ. 'ಸತ್ತಿಲ್ಲ, ಓದೋ ಹೆಡ್ ಒಳಗಿನ ತಟ್ಟೆಗೆ ಅಂಟಿಕೊಂಡಿದೆ ಅಷ್ಟೇ' ಅಂದಿರಿ. ಮುಚ್ಚಳ ಬಿಚ್ಚಲಿಲ್ಲ, ಧೂಳು ಹೊಕ್ಕರೆ ಕೆಟ್ಟೀತಂತೆ. ಕರೆಂಟ್ ಕೊಟ್ಟು, ಅಂಗೈಯಲ್ಲಿ ಮಟ್ಟಸವಾಗಿ ಹಿಡಿದು, ಮಣಿಕಟ್ಟನ್ನು ಚಕ್ಕನೆ ತಿರುಗಿಸಿದಿರಿ. ಮೂರನೇ ಸಲಕ್ಕೆ ಸುಯ್ಯೆಂದು ಎದ್ದಿತು! ಆಫ್ ಮಾಡಿದರೆ ಮತ್ತೆ ಅಂಟೀತೆಂದು, ಫೈಲೆಲ್ಲ ಕಾಪಿ ಆಗಿ ಮುಗಿಯುವವರೆಗೆ ಊಟಕ್ಕೂ ಏಳಲಿಲ್ಲ. ಹೊರಗೆ ಜಡಿಮಳೆ. ಕರೆಂಟ್ ಹೋದರೆ ಅಂತ ನನಗೆ ಎದೆ ಢವಢವ.

ನಿಮ್ಮ ಹೆಸರು ಕೇಳೋದೇ ಮರೆತೆ ನೋಡಿ. 'ಮಳೆ 1998' ಫೈಲ್ ತೆರೆದಾಗ ನನ್ನ ಮುಖ ನೋಡಿ, ಸುಮ್ನೆ ಎದ್ದು ಆಚೆ ಹೋದಿರಲ್ಲ, ಅದಕ್ಕೂ ಥ್ಯಾಂಕ್ಸ್ ಅಣ್ಣಾ.