ವಾಟ್ಸಾಪ್ ಉತ್ತರ ಇನ್ನು ಮುಂದೆ ಸ್ವಲ್ಪ ತಡವಾಗಿ ಬರುತ್ತದೆ

ಕಲಬುರಗಿ ಜಿಲ್ಲೆಯ ನಮ್ಮ ಸದಸ್ಯರಿಗೆ, ಗ್ರಾಹಕರಿಗೆ ನಮಸ್ಕಾರ.

ಬೀಜ, ಗೊಬ್ಬರ ಮಾರುವ ನಮ್ಮ ಸಂಘದ ವಾಟ್ಸಾಪ್ ನಂಬರಿಗೆ ನೀವು ಕಳಿಸುವ ಪ್ರಶ್ನೆಗಳಿಗೆ ಒಂದು ವರ್ಷದಿಂದ ಎಐ ಉತ್ತರ ಕೊಡುತ್ತಿದೆ. ಈ ಸೋಮವಾರದಿಂದ ಆ ಉತ್ತರ ಮೊದಲಿನಷ್ಟು ಬೇಗ ಬರುವುದಿಲ್ಲ. ಕೆಲವು ಸಲ "ನನಗೆ ಖಾತ್ರಿ ಇಲ್ಲ, ಅಂಗಡಿಯವರು ಫೋನ್ ಮಾಡುತ್ತಾರೆ" ಎಂದಷ್ಟೇ ಬರುತ್ತದೆ. ಯಾಕೆ ಅಂತ ನಿಮಗೆ ಹೇಳಲೇಬೇಕು.

ಕಳೆದ ತಿಂಗಳು ಆಳಂದ ಕಡೆಯ ಸದಸ್ಯರೊಬ್ಬರು ತೊಗರಿ ಬೀಜೋಪಚಾರಕ್ಕೆ ಟ್ರೈಕೋಡರ್ಮಾ (ರೋಗ ತಡೆಯಲು ಬೀಜಕ್ಕೆ ಹಚ್ಚುವ ಶಿಲೀಂಧ್ರ) ಎಷ್ಟು ಬೇಕು ಎಂದು ಕೇಳಿದ್ದರು. ನೆಟೆ ರೋಗಕ್ಕೆ ಹೊಲ ಒಣಗಿದ್ದನ್ನು ಕಣ್ಣಾರೆ ಕಂಡವರು, ಸುಮ್ನೆ ಕೇಳಿದ್ದಲ್ಲ. ಕಿಲೋ ಬೀಜಕ್ಕೆ 40 ಗ್ರಾಂ ಎಂದು ಉತ್ತರ ಬಂತು. "ಖರೇ ಏನು?" ಎಂದರೆ ಕ್ಷಮೆ ಕೇಳಿ 14 ಎಂದಿತು. ಮತ್ತೆ ಕೇಳಿದರೆ 25. ನಾವು ಮಾರುವ ಪೊಟ್ಟಣದ ಮೇಲೆ ಬರೆದಿರುವುದು 4 ಗ್ರಾಂ. ಅವರು ಪೊಟ್ಟಣ ಓದಿದರು, ದುಡ್ಡು ಉಳಿಯಿತು. ಈ ತಪ್ಪು ನಮ್ಮದೇ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ.

ಮೊದಲ ತಪ್ಪಿಗಿಂತ ಆ ಎರಡನೇ ಉತ್ತರವೇ ನಮಗೆ ಜಾಸ್ತಿ ಚಿಂತೆ ತಂದಿತು. ಯೋಚಿಸಿ ತಿದ್ದಿಕೊಂಡ ಹಾಗೆ ಕಾಣುತ್ತದೆ ಅಲ್ವಾ? ಆದರೆ ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕುತ್ತ ಬರೆಯುವುದಷ್ಟೇ ಅದರ ಕೆಲಸ. "ಖರೇ ಏನು" ಎಂದ ಕೂಡಲೇ ಅದೇನೂ ಪೊಟ್ಟಣ ತಿರುಗಿಸಿ ನೋಡಿರಲಿಲ್ಲ. ನಿನ್ನ ಉತ್ತರ ನೀನೇ ತಿದ್ದು ಎಂದರೆ, ಹೊರಗಿನ ಆಧಾರ ಇಲ್ಲದಿದ್ದಾಗ ಇಂಥವು ಸರಿ ಇದ್ದದ್ದನ್ನೂ ಕೆಡಿಸಿಕೊಳ್ಳುವುದುಂಟು. ಗೂಗಲ್ ಡೀಪ್‌ಮೈಂಡ್ ಸಂಶೋಧಕರು 2023ರಲ್ಲೇ ಇದನ್ನು ತೋರಿಸಿದ್ದಾರೆ.

ಹಾಗಂತ ತನ್ನ ಮೇಲೆ ತಾನೇ ನಿಗಾ ಇಡಲು ಅದಕ್ಕೆ ದಾರಿಯೇ ಇಲ್ಲ ಎಂದಲ್ಲ. ಒಂದೇ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಹಲವು ಸಲ ಬಿಡಿಸಿ, ಹೆಚ್ಚು ಸಲ ಬಂದ ಉತ್ತರ ಆರಿಸಿದರೆ ಲೆಕ್ಕದ ಪ್ರಶ್ನೆಗಳಲ್ಲಿ ತಪ್ಪು ಕಡಿಮೆಯಾಗುತ್ತದೆ ಎಂದು 2022ರಲ್ಲಿ ಗೂಗಲ್ ಸಂಶೋಧಕರು ಕಂಡುಕೊಂಡರು. ನಾವೂ ಟ್ರೈಕೋಡರ್ಮಾ ಪ್ರಶ್ನೆಯನ್ನು ಐದು ಸಲ ಹಾಕಿ ನೋಡಿದೆವು. ನಾಲ್ಕು ಬೇರೆ ಬೇರೆ ಅಂಕಿ ಬಂದವು. ಅಂದರೆ ಅದು ಅಂದಾಜಿನ ಮೇಲೆ ಹೇಳುತ್ತಿತ್ತು. ಇನ್ನು ನಿಮ್ಮ ಪ್ರತಿ ಪ್ರಶ್ನೆಯನ್ನೂ ಒಳಗೆ ಐದು ಸಲ ಕೇಳಿಸುತ್ತೇವೆ. ಉತ್ತರ ಚದುರಿದರೆ ಅದು ನಿಮ್ಮ ಫೋನಿಗೆ ಬರುವುದೇ ಇಲ್ಲ, ಅಂಗಡಿಗೆ ಬರುತ್ತದೆ.

ಐದೂ ಸಲ ಒಂದೇ ತಪ್ಪು ಹೇಳಬಹುದು. ಅದಕ್ಕೇ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೈಪಿಡಿ ಮತ್ತು ನಮ್ಮ ಸ್ಟಾಕ್ ಪುಸ್ತಕದ ಜೊತೆ ತಾಳೆ ನೋಡಿದ ಮೇಲೆಯೇ ಉತ್ತರ ಕಳಿಸುತ್ತೇವೆ. ಔಷಧಿಯ ಪ್ರಮಾಣವನ್ನಂತೂ ಎಐ ಹೇಳುವುದೇ ಇಲ್ಲ. ಅದನ್ನು ನಮ್ಮ ಅಂಗಡಿಯವರೇ ಪೊಟ್ಟಣ ಕೈಯಲ್ಲಿ ಹಿಡಿದು ಹೇಳುತ್ತಾರೆ. ಇದಕ್ಕೆ ಖರ್ಚು ಜಾಸ್ತಿ ಆಗುತ್ತದೆ, ಸಂಘವೇ ಭರಿಸುತ್ತದೆ. ಬೀಜ, ಗೊಬ್ಬರದ ದರ ಏರಿಸುವುದಿಲ್ಲ.

ಒಂದು ವಿನಂತಿ. ಬೀಜ, ಔಷಧಿ ಬಗ್ಗೆ ನಮ್ಮ ನಂಬರಿನಿಂದ ಬಂದ ಹಳೆಯ ಉತ್ತರ ಫೋನಿನಲ್ಲಿದ್ದರೆ ಅದನ್ನು ನಂಬಿ ಬಿತ್ತನೆಗೆ ಇಳಿಯಬೇಡಿ. ಮಿರಗ (ಮೃಗಶಿರಾ ಮಳೆ) ಕೂಡುವುದರೊಳಗೆ ಅಂಗಡಿಗೆ ತಂದು ತೋರಿಸಿ. ಕೂತು ಒಂದೊಂದಾಗಿ ನೋಡಿಕೊಡುತ್ತೇವೆ.

ಇಂತಿ,
ಸಂಘದ ಕಾರ್ಯದರ್ಶಿ