ಆಕ್ಸಿಲರೇಟರ್ ಸಿಕ್ಕಿಕೊಂಡರೆ ಎಣ್ಣೆ ಮದ್ದಲ್ಲ

ಮಾನ್ಯರೇ,

ಹಳೆಯ ಮಾರುತಿ 800, ಓಮ್ನಿಗಳಲ್ಲಿ ಕಾಲು ತೆಗೆದರೂ ಆಕ್ಸಿಲರೇಟರ್ ಪೆಡಲ್ ಮೇಲೆ ಬಾರದಿದ್ದರೆ, ಪೆಡಲಿನಿಂದ ಎಂಜಿನ್ನಿಗೆ ಹೋಗುವ ಕೇಬಲ್‌ಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕಳಿಸುವುದು ಕೆಲವು ಗ್ಯಾರೇಜುಗಳ ರೂಢಿ. ಎರಡು ದಿನ ಸಲೀಸು. ಆಮೇಲೆ ಆ ಎಣ್ಣೆಗೇ ಧೂಳು ಮೆತ್ತಿ ಮತ್ತಷ್ಟು ಬಿಗಿ.

ಮೊದಲು ಫ್ಲೋರ್ ಮ್ಯಾಟ್ ಸರಿಸಿ ನೋಡಿ. ನಂತರ ಎಂಜಿನ್ ತಣ್ಣಗಾದ ಮೇಲೆ ಕೇಬಲ್ಲಿನ ತುದಿಯನ್ನು, ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆಯನ್ನು ತಿರುಗಿಸುವ ಥ್ರಾಟಲ್ ಲಿವರ್‌ನಿಂದ ಬಿಡಿಸಿ, ಲಿವರನ್ನು ಕೈಯಿಂದ ಪೂರ್ತಿ ತಿರುಗಿಸಿ ಬಿಡಿ. ಟಕ್ಕನೆ ಹಿಂದೆ ಬಂದರೆ ದೋಷ ಕೇಬಲ್ಲಿನದು ಇಲ್ಲವೇ ಪೆಡಲಿನದು. ತಂತಿಯ ಒಂದೇ ಒಂದು ಎಳೆ ಬಿಚ್ಚಿ ಮುಳ್ಳಿನಂತೆ ನಿಂತಿದ್ದರೂ ಸಾಕು, ಹೊರಕವಚದ ಬಾಯಿಗೆ ಸಿಕ್ಕಿಬೀಳುತ್ತದೆ. ಕೇಬಲ್ ಬದಲಿಸುವುದೊಂದೇ ದಾರಿ. ಹೊಸದನ್ನು ತುಸು ಸಡಿಲ ಬಿಟ್ಟು, ಎಲ್ಲೂ ಮಡಿಚಿಕೊಳ್ಳದಂತೆ ಹಾಕಿಸಿ.

ಲಿವರೇ ತಡೆದರೆ ರಿಟರ್ನ್ ಸ್ಪ್ರಿಂಗ್ ನೋಡಿ. ಥ್ರಾಟಲ್ ತಟ್ಟೆಯ ಅಂಚಿನ ಮಸಿಯನ್ನು ಕಾರ್ಬ್ಯುರೇಟರ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಕೇಬಲ್ಲೇ ಇಲ್ಲದ ಹೊಸ ಕಾರುಗಳಲ್ಲಿ ಮಾತ್ರ ಆ ತಟ್ಟೆಯನ್ನು ಬೆರಳಿಂದ ಒತ್ತಬೇಡಿ, ಒಳಗಿನ ಗಿಯರ್ ಹಾಳಾದೀತು.

ಓಡುವಾಗಲೇ ಸಿಕ್ಕಿಕೊಂಡರೆ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದು ನ್ಯೂಟ್ರಲ್‌ಗೆ ತನ್ನಿ. ಬಿಟ್ಟು ಬಿಟ್ಟು ಒತ್ತಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಗಾಡಿ ನಿಲ್ಲುವ ಮೊದಲು ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ.

– ಓರ್ವ ಮೆಕ್ಯಾನಿಕ್, ಹುಬ್ಬಳ್ಳಿ